ಮತ ಎಣಿಸಿದ ಮೇಲೆ: ಸ್ಕಾಟ್ಲೆಂಡಿನ ಜನಮತ ಮತ್ತು ರಾಜಕೀಯದ ಮೇಲಿನ ಅಪನಂಬಿಕೆ

ಮಾನ್ಯ ಸಭಿಕರೇ,

‘ರಾಮ ಆಳಿದರೇನು, ರಾವಣ ಆಳಿದರೇನು, ರಾಗಿ ಬೀಸುವುದು ತಪ್ಪೀತೆ’ ಎಂಬುದು ನಮ್ಮ ಹಳ್ಳಿಗಳ ಹಳೆಯ ಮಾತು. ಆಳುವವರನ್ನು ಆರಿಸುವ ಹಕ್ಕೇ ಇಲ್ಲದಿದ್ದವರ ಬಾಯಲ್ಲಿ ಆ ಮಾತು ಸಹಜವಾಗಿತ್ತು. ಆದರೆ ಚುನಾವಣೆಗಳು ಕ್ರಮವಾಗಿ ನಡೆಯುವ, ಸೋತ ಪ್ರಧಾನಿ ಮರುದಿನವೇ ಅಧಿಕೃತ ನಿವಾಸವನ್ನು ತೆರವು ಮಾಡುವ, ಗಟ್ಟಿಯಾದ ಪ್ರಜಾಪ್ರಭುತ್ವವಿರುವ ನಾಡಿನಲ್ಲೂ ಜನ ಅದನ್ನೇ ಆಡುವುದೇಕೆ? ಈ ಪ್ರಶ್ನೆಯನ್ನು ಇಂದು ನಾನು ಸ್ಕಾಟ್ಲೆಂಡಿನ ಅನುಭವದ ಮೂಲಕ ನೋಡಬಯಸುತ್ತೇನೆ.

2014ರ ಸೆಪ್ಟೆಂಬರ್ 18ರಂದು ಬ್ರಿಟನ್ನಿನ ಭಾಗವಾದ ಆ ನಾಡಿನ ಜನರಿಗೆ ಜನಮತಗಣನೆಯಲ್ಲಿ ಒಂದೇ ಪ್ರಶ್ನೆ ಕೇಳಲಾಯಿತು: ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ? ಶೇಕಡ 55.3ರಷ್ಟು ಮತಗಳು ‘ಬೇಡ’ ಎಂದವು, 44.7ರಷ್ಟು ‘ಬೇಕು’ ಎಂದವು. ಆದರೆ ನನ್ನ ಗಮನವನ್ನು ಹಿಡಿದಿಡುವ ಅಂಕಿ ಇನ್ನೊಂದು. ಅಂದು ಶೇಕಡ 84.6ರಷ್ಟು ಮತದಾರರು ಮತಗಟ್ಟೆಗೆ ಬಂದಿದ್ದರು. ಮೂರು ವರ್ಷ ಮೊದಲು, ಸ್ಕಾಟಿಷ್ ಸಂಸತ್ತಿನ ಚುನಾವಣೆಯಲ್ಲಿ, ಅದೇ ನಾಡಿನ ಅರ್ಧದಷ್ಟು ಜನ ಮಾತ್ರ ಮತ ಹಾಕಿದ್ದರು. ರಾಜಕಾರಣಿಗಳ ಮೇಲಿನ ಗೌರವ ಮೂರು ವರ್ಷಗಳಲ್ಲಿ ಏಕಾಏಕಿ ಹೆಚ್ಚಿತೆಂದು ಯಾರೂ ಹೇಳಲಾರರು. ತಮ್ಮ ಮತದಿಂದ ಏನಾದರೂ ನಿರ್ಧಾರವಾಗುತ್ತದೆ ಎಂಬ ಭರವಸೆ ಹುಟ್ಟಿದಾಗ, ಆಳುವವರನ್ನು ಒಂದಿಷ್ಟೂ ನಂಬದವರು ಸಹ ಸಾಲಿನಲ್ಲಿ ಬಂದು ನಿಂತರು. ಆದ್ದರಿಂದ ಸಿನಿಕತನವನ್ನು ಜನರ ಸ್ವಭಾವದ ದೋಷವೆಂದು ಕಾಣುವವರ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗೆ ಬಂದವರಲ್ಲಿ ಕೆಲವರ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1989ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ, ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ, ಸ್ಕಾಟ್ಲೆಂಡಿನಲ್ಲಿ ತಲೆಗಂದಾಯವನ್ನು ಜಾರಿಗೆ ತಂದಿತು. ಶ್ರೀಮಂತನೂ ಬಡವನೂ ಹೆಚ್ಚುಕಡಿಮೆ ಒಂದೇ ಮೊತ್ತ ಕಟ್ಟಬೇಕಿದ್ದ ಆ ತೆರಿಗೆಯನ್ನು ಕಟ್ಟಲಾರದೆ, ಅಥವಾ ಕಟ್ಟಲೊಪ್ಪದೆ, ಅನೇಕರು ಪತ್ತೆಯಾಗದಿರಲೆಂದು ಮತದಾರರ ಪಟ್ಟಿಯಿಂದಲೇ ದೂರ ಉಳಿದರು. ಅಂಥವರಲ್ಲಿ ಹಲವರು 2014ರಲ್ಲಿ, ಎಷ್ಟೋ ವರ್ಷಗಳ ಬಳಿಕ, ಮತ್ತೆ ಹೆಸರು ಬರೆಸಿದರು. ಜನಮತ ಮುಗಿದು ಕೆಲವೇ ದಿನಗಳಲ್ಲಿ, ಹೊಸ ಪಟ್ಟಿಯ ನೆರವಿನಿಂದ ಹಳೆಯ ತಲೆಗಂದಾಯದ ಬಾಕಿ ವಸೂಲಿ ಮಾಡಬಹುದೆಂಬ ಮಾತು ಕೆಲವು ಸ್ಥಳೀಯ ಆಡಳಿತಗಳಿಂದ ಕೇಳಿಬಂತು. ಎರಡು ದಶಕಗಳ ನಂತರ ಮತಗಟ್ಟೆಗೆ ಕಾಲಿಟ್ಟವನಿಗೆ ವ್ಯವಸ್ಥೆ ಕೊಡಲು ಹೊರಟ ಮೊದಲ ಉತ್ತರ ಸಾಲದ ನೋಟೀಸು! ಸ್ಕಾಟಿಷ್ ಸಂಸತ್ತು 2015ರಲ್ಲಿ ಕಾನೂನು ಮಾಡಿ ಆ ವಸೂಲಿಯನ್ನು ಕೊನೆಗೊಳಿಸಿತೆಂಬುದು ಅದರ ಹಿರಿಮೆಯೇ ಸರಿ. ಆದರೂ ಅಂಥ ಆಲೋಚನೆ ಹುಟ್ಟಿತಲ್ಲ ಎಂಬ ನೋವು ನನಗಿದೆ.

ಸೋತವರು ನಿರಾಶರಾದರು, ಅದರಿಂದ ಅಪನಂಬಿಕೆ ಹುಟ್ಟಿತು ಎಂದು ಹಲವರು ಸುಲಭವಾಗಿ ವಿವರಿಸುತ್ತಾರೆ. ಎಣಿಕೆಯ ರಾತ್ರಿ ಹರಿದಾಡಿದ ವಿಡಿಯೋಗಳನ್ನು ಅದಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ. ಇನ್ನೂ ವಿಂಗಡಿಸದ ಮತಪತ್ರಗಳನ್ನು ‘ಬೇಡ’ ಎಂಬ ಫಲಕದ ಮೇಜಿನ ಮೇಲೆ ಇರಿಸಿದ್ದನ್ನೇ ಮೋಸವೆಂದು ಕೆಲವರು ಸಾರಿದ್ದು ನಿಜ. ಅಧಿಕಾರಿಗಳು ಅದಕ್ಕೆ ವಿವರಣೆ ನೀಡಿದರು, ಫಲಿತಾಂಶ ನಿಂತಿತು, ಬಹುಪಾಲು ಜನ ಅದನ್ನು ಒಪ್ಪಿದರು. ಸೋಲನ್ನು ಜನ ನುಂಗಿಕೊಳ್ಳಬಲ್ಲರು. ಉತ್ತರ ಕೊಟ್ಟ ಮೇಲೆ ಕೇಳಿದವರು ಷರತ್ತು ಬದಲಿಸಿದರೆ ಮಾತ್ರ ಅವರ ಮನಸ್ಸು ಮುರಿಯುತ್ತದೆ. ಮತದಾನಕ್ಕೆ ಮೊದಲೇ ಹಾಕಿದ ಷರತ್ತು ಕೂಡ ಉತ್ತರವನ್ನು ಮುಳುಗಿಸಬಲ್ಲದು ಎಂಬ ನೆನಪು ಸ್ಕಾಟ್ಲೆಂಡಿಗೆ ಹಳೆಯದು. 1979ರ ಜನಮತದಲ್ಲಿ ಪ್ರತ್ಯೇಕ ಶಾಸನಸಭೆಯ ಪರ ಶೇಕಡ 51.6ರಷ್ಟು ಮತ ಬಂದರೂ, ಒಟ್ಟು ಮತದಾರರಲ್ಲಿ ಶೇಕಡ 40ರಷ್ಟು ಜನ ಪರವಾಗಿರಬೇಕೆಂಬ ನಿಯಮದಿಂದಾಗಿ ಅದು ಬಿದ್ದುಹೋಯಿತು. ಮನೆಯಲ್ಲೇ ಉಳಿದವರೂ ‘ಬೇಡ’ ಎಂದವರ ಲೆಕ್ಕಕ್ಕೇ ಸೇರಿದಂತಾಯಿತು.

2014ರ ಮತದಾನಕ್ಕೆ ಎರಡು ದಿನ ಮೊದಲು ಬ್ರಿಟಿಷ್ ಪ್ರಧಾನಿ ಡೇವಿಡ್ ಕ್ಯಾಮರಾನ್, ವಿರೋಧ ಪಕ್ಷದ ನಾಯಕ ಎಡ್ ಮಿಲಿಬ್ಯಾಂಡ್, ಉಪಪ್ರಧಾನಿ ನಿಕ್ ಕ್ಲೆಗ್ ಮೂವರೂ ಒಂದು ಪತ್ರಿಕೆಯ ಮುಖಪುಟದಲ್ಲಿ ಸಹಿ ಹಾಕಿ, ಸ್ಕಾಟಿಷ್ ಸಂಸತ್ತಿಗೆ ಹೆಚ್ಚಿನ ಅಧಿಕಾರ ಕೊಡುವುದಾಗಿ ಪ್ರಮಾಣ ಮಾಡಿದ್ದರು. ಫಲಿತಾಂಶ ಬಂದ ಬೆಳಗ್ಗೆಯೇ ಕ್ಯಾಮರಾನ್ ಇಂಗ್ಲೆಂಡಿನ ಕಾನೂನುಗಳಿಗೆ ಇಂಗ್ಲೆಂಡಿನ ಸಂಸದರೇ ಮತ ಹಾಕಬೇಕೆಂಬ ವಿಷಯವನ್ನು ಅದರ ಜೊತೆಗೆ ಜೋಡಿಸಿದರು. ಅಧಿಕಾರಗಳು 2016ರ ಕಾಯಿದೆಯಲ್ಲಿ ಬಂದವು, ಇಲ್ಲವೆನ್ನಲಾಗದು. ಆದರೆ ಆ ಬೆಳಗಿನ ಮಾತು ಕೊಟ್ಟ ಮಾತಿನ ತೂಕವನ್ನು ಇಳಿಸಿಬಿಟ್ಟಿತು. ಹದಿನಾರು ವರ್ಷದವರನ್ನು ನಾಡಿನ ಭವಿಷ್ಯ ನಿರ್ಧರಿಸಲು ಕರೆದು, ಎಂಟು ತಿಂಗಳ ನಂತರದ ಬ್ರಿಟಿಷ್ ಸಾರ್ವತ್ರಿಕ ಚುನಾವಣೆಯಲ್ಲಿ ಹದಿನೆಂಟು ತುಂಬದವರನ್ನೆಲ್ಲ ಹೊರಗಿಟ್ಟದ್ದೂ ಇದೇ ಬಗೆಯದು. ‘ಬೇಡ’ ಎಂದವರಿಗೂ ಪೆಟ್ಟು ಬಿದ್ದಿತು. ಬ್ರಿಟನ್ನಿನಲ್ಲಿದ್ದರೆ ಮಾತ್ರ ಯುರೋಪಿಯನ್ ಒಕ್ಕೂಟದಲ್ಲಿ ಖಚಿತವಾಗಿ ಉಳಿಯಬಹುದು ಎಂಬ ವಾದವನ್ನು ನಂಬಿ ಮತ ಹಾಕಿದವರು, 2016ರ ಬ್ರೆಕ್ಸಿಟ್ ಜನಮತದಲ್ಲಿ ಸ್ಕಾಟ್ಲೆಂಡಿನ ಶೇಕಡ 62ರಷ್ಟು ಮತಗಳು ಒಕ್ಕೂಟದ ಪರವಾಗಿದ್ದರೂ ಹೊರಬರಬೇಕಾಯಿತು.

ಸ್ವಾತಂತ್ರ್ಯದ ಪರವಾಗಿದ್ದವರ ನಾಯಕತ್ವವನ್ನೂ ಇಷ್ಟೇ ನಿಷ್ಠುರವಾಗಿ ನೋಡಬೇಕು. ಜನಮತದ ಬಿಸಿಯಲ್ಲೇ 2015ರಲ್ಲಿ, ಸ್ವಾತಂತ್ರ್ಯದ ಪರವಾಗಿದ್ದ ಮತ್ತು ಸ್ಕಾಟ್ಲೆಂಡಿನಲ್ಲಿ ಆಡಳಿತ ನಡೆಸುತ್ತಿದ್ದ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ ಬ್ರಿಟಿಷ್ ಸಂಸತ್ತಿನಲ್ಲಿ ಸ್ಕಾಟ್ಲೆಂಡಿನ 59ರಲ್ಲಿ 56 ಸ್ಥಾನಗಳು ದಕ್ಕಿದವು. ಆ ವಿಶ್ವಾಸದ ಜೊತೆ ದಿನನಿತ್ಯದ ಆಡಳಿತದ ಹೊಣೆಯೂ ಇತ್ತು. ಅರಾನ್ ದ್ವೀಪದ ಜನರಿಗಾಗಿ ಕಟ್ಟುತ್ತಿದ್ದ ‘ಗ್ಲೆನ್ ಸಾನಕ್ಸ್’ ಹಡಗನ್ನು 2017ರಲ್ಲಿ ನೀರಿಗಿಳಿಸಿದಾಗ ಗಾಜು ಕೂರಿಸದ ಕಡೆ ಕಿಟಕಿಗಳಂತೆ ಕಾಣಲು ಬಣ್ಣ ಬಳಿಯಲಾಗಿತ್ತು. ಅದು ಪ್ರಯಾಣಿಕರನ್ನು ಹೊತ್ತದ್ದು 2025ರ ಜನವರಿಯಲ್ಲಿ. ದ್ವೀಪದಲ್ಲಿರುವವರಿಗೆ ಆಸ್ಪತ್ರೆ, ಅಂಗಡಿಯ ಸಾಮಾನು, ಬಂಧುಗಳ ಮನೆ ಎಲ್ಲವೂ ಹಡಗನ್ನೇ ಅವಲಂಬಿಸಿರುವಾಗ, ಆ ಏಳು ವರ್ಷಗಳ ಕಾಯುವಿಕೆಯನ್ನು ಸಂವಿಧಾನದ ದೊಡ್ಡ ಮಾತುಗಳಿಂದ ತುಂಬಲಾಗದು. ಇನ್ನೊಂದು ಜನಮತ ಬರುತ್ತಿದೆ ಎಂದು ವರ್ಷ ವರ್ಷವೂ ಕಾರ್ಯಕರ್ತರನ್ನು ಕಾಯಿಸಲಾಯಿತು. ಸ್ಕಾಟಿಷ್ ಸಂಸತ್ತು ಅದನ್ನು ತಾನಾಗಿಯೇ ನಡೆಸಲು ಶಾಸನ ಮಾಡುವಂತಿಲ್ಲವೆಂದು 2022ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹಾಗಾದರೆ ಇನ್ನೊಮ್ಮೆ ಕೇಳಿಸಿಕೊಳ್ಳಲು ನಾವು ಏನು ಮಾಡಬೇಕು ಎಂಬ ಮತದಾರನ ಪ್ರಶ್ನೆಗೆ ಲಂಡನ್ನಿನ ಸರ್ಕಾರವಾಗಲಿ ಎಡಿನ್‌ಬರೋದ ಸ್ಕಾಟಿಷ್ ಸರ್ಕಾರವಾಗಲಿ ನೇರವಾದ ದಾರಿ ತೋರಿಸಲಿಲ್ಲ.

2024ರ ಸಾರ್ವತ್ರಿಕ ಚುನಾವಣೆಯಲ್ಲಿ ಆ ಪಕ್ಷ ಒಂಬತ್ತು ಸ್ಥಾನಗಳಿಗೆ ಇಳಿಯಿತು, ಸ್ಕಾಟ್ಲೆಂಡಿನ ಮತದಾನ ಶೇಕಡ 60ನ್ನೂ ಮುಟ್ಟಲಿಲ್ಲ. ಸ್ವಾತಂತ್ರ್ಯದ ಪರವಾದ ಒಲವು ಮಾತ್ರ ಸಮೀಕ್ಷೆಗಳಲ್ಲಿ ಅರ್ಧದ ಆಸುಪಾಸಿನಲ್ಲೇ ಉಳಿಯಿತು. ಪಕ್ಷ ಬದಲಿಸಿದವರನ್ನು ನಾನು ಸಿನಿಕರೆಂದು ಕರೆಯಲಾರೆ, ಅವರು ಲೆಕ್ಕ ಕೇಳಿದರು. ನನ್ನ ಚಿಂತೆ ಇರುವುದು 2014ರಲ್ಲಿ ಸಾಲಿನಲ್ಲಿ ನಿಂತು, ಹತ್ತು ವರ್ಷಗಳ ನಂತರ ಮನೆಯಲ್ಲೇ ಉಳಿದವರ ಬಗ್ಗೆ.