ಬಿಳಿ ಪುಡಿ ಕೆಂಪಾದರೆ

ಕೇಳುಗರೇ, ನಮಸ್ಕಾರ. ಕೇರಂ ಬೋರ್ಡಿನ ಮೇಲೆ ಉದುರಿಸುತ್ತೇವಲ್ಲ, ನುಣ್ಣನೆಯ ಬೋರಿಕ್ ಪೌಡರ್, ಇವತ್ತು ಅದರ ಮಾತು.

ಎಷ್ಟೋ ಅಣು ರಿಯಾಕ್ಟರುಗಳಲ್ಲಿ ಬೋರಿಕ್ ಆಮ್ಲವನ್ನು ನೀರಿಗೆ ಬೆರೆಸಿ ಹರಿಸುತ್ತಾರೆ. ಅದರಲ್ಲಿರುವ ಬೋರಾನ್ ನ್ಯೂಟ್ರಾನುಗಳನ್ನು ಹೀರಿಕೊಂಡು ಅಣುಕ್ರಿಯೆಯನ್ನು ಹದದಲ್ಲಿಡುತ್ತದೆ. ಒಳಗಿರುವ ತನಕ ಸರಿ. ಎಲ್ಲೋ ಒಂದು ಕಡೆ ಸಣ್ಣ ಬಿರುಕು ಬಿಟ್ಟು ಆ ನೀರು ಜಿನುಗಿತು ಅನ್ನಿ, ಬಿಸಿಗೆ ನೀರೆಲ್ಲ ಆವಿಯಾಗಿ ಹೋಗುತ್ತದೆ, ಆಮ್ಲ ಮಾತ್ರ ಜೋಳದ ಅರಳಿನ ಹಾಗೆ ಬೆಳ್ಳಗೆ ಅಲ್ಲೇ ಕೂರುತ್ತದೆ. ಒಣಗಿದ್ದರೆ ಅಷ್ಟೇನೂ ಕಾಟವಿಲ್ಲ. ಅಡಿಯಲ್ಲಿ ಪಸೆ ಉಳಿದರೆ ಮಾಮೂಲಿ ಉಕ್ಕನ್ನು ತಿನ್ನುತ್ತಾ ಹೋಗುತ್ತದೆ. ಆಗ ಬಿಳಿ ಪುಡಿಗೆ ತುಕ್ಕಿನ ಕೆಂಪು ಬರುತ್ತದೆ.

ಅಮೆರಿಕದ ಓಹಾಯೋದಲ್ಲಿ, ಈರಿ ಸರೋವರದ ದಂಡೆಯಲ್ಲಿರುವ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಆ ಕೆಂಪು 2000ದಲ್ಲೇ ಕಣ್ಣಿಗೆ ಬಿದ್ದಿತ್ತು. ರಿಯಾಕ್ಟರಿನ ಮುಚ್ಚಳದ ಮೇಲಿಂದ ಇಳಿದು ಗಟ್ಟಿಯಾಗಿತ್ತು. ಅಲ್ಲಿಗೆ ಕೈ ಹಾಕಲು ಇದ್ದದ್ದು ಪುಟ್ಟ ಕಿಂಡಿಗಳು, ಇಲಿಬಿಲ ಅಂತಲೇ ಅವುಗಳಿಗೆ ಹೆಸರು. ಅದರೊಳಗಿಂದ ಬಿಸಿನೀರು ಹೊಡೆದು ತೊಳೆಯಬೇಕು. ವಿಕಿರಣ ಇರುವ ಜಾಗ ಬೇರೆ, ಒಬ್ಬರೇ ಜಾಸ್ತಿ ಹೊತ್ತು ನಿಲ್ಲುವ ಹಾಗಿಲ್ಲ. ಎಲ್ಲ ಹೋಗಲಿಲ್ಲ. ಉಳಿದದ್ದನ್ನು ಹಾಗೇ ಬಿಟ್ಟು ಸ್ಥಾವರ ಮತ್ತೆ ಶುರು ಮಾಡಿದರು.

ಅದಕ್ಕೂ ಮೊದಲೇ, 1999ರಿಂದಲೇ, ಒಳಗಿನ ಗಾಳಿಯನ್ನು ಪರೀಕ್ಷಿಸುವ ಯಂತ್ರದ ಫಿಲ್ಟರಿಗೆ ಕಂದು ಪುಡಿ ಕಟ್ಟಿಕೊಳ್ಳತೊಡಗಿತ್ತು. ಬದಲಿಸಿದರು. ಮತ್ತೆ ಕಟ್ಟಿತು, ಮತ್ತೆ ಬದಲಿಸಿದರು. ನನಗೆ ಸಂಕಟವಾಗುವುದು ಇಲ್ಲೇ. ತುಕ್ಕು ಹಾರಿ ಬರುತ್ತಿದೆ ಅಂದಮೇಲೆ ಎಲ್ಲೋ ಕಬ್ಬಿಣ ಸವೆಯುತ್ತಿದೆ ಅಲ್ವಾ?

2002ರ ಮಾರ್ಚ್‌ನಲ್ಲಿ ರಿಪೇರಿ ಮಾಡುತ್ತಿದ್ದಾಗ ಮುಚ್ಚಳಕ್ಕೆ ಕೂರಿಸಿದ್ದ, ಬಿರುಕು ಬಿಟ್ಟಿದ್ದ ಒಂದು ಕೊಳವೆ ಅಲುಗಾಡಿತು. ಅದು ಅಲುಗಾಡುವ ವಸ್ತುವೇ ಅಲ್ಲ. ಸುತ್ತಲಿನ ಪುಡಿಯನ್ನೆಲ್ಲ ತೊಳೆದು ನೋಡಿದರೆ ಉಕ್ಕಿನಲ್ಲಿ ಅನಾನಸ್ ಹಣ್ಣು ಕೂರುವಷ್ಟು ದೊಡ್ಡ ಹಳ್ಳ! 6 ಇಂಚಿಗೂ ದಪ್ಪದ ಉಕ್ಕು ಆ ಜಾಗದಲ್ಲಿ ಪೂರ್ತಿ ಮಾಯ. ಉಳಿದಿದ್ದು ಒಳಗಡೆಯ ಸ್ಟೇನ್‌ಲೆಸ್ ಸ್ಟೀಲ್ ಪದರ, ಒಂದು ಸೆಂಟಿಮೀಟರಿಗಿಂತಲೂ ತೆಳ್ಳಗೆ. ಕಾರಿನ ಟೈರಿಗೆ 30-35 ಪೌಂಡ್ ಗಾಳಿ ಹಾಕಿಸುತ್ತೇವೆ. ಆ ಪದರ ತಡೆದು ನಿಂತಿದ್ದು 2,000 ಪೌಂಡಿಗೂ ಹೆಚ್ಚಿನ ಒತ್ತಡವನ್ನು. ಅದು ಉಬ್ಬಿತ್ತು, ಒಡೆಯಲಿಲ್ಲ.

ಕ್ಲೀನಿಂಗ್ ಅಂದರೆ ಕಡೆಯ ಕೆಲಸ, ಟೈಮ್ ಮಿಕ್ಕಿದರೆ ಮಾಡಿದರಾಯಿತು ಅಂದುಕೊಳ್ಳುವವರಿಗೆ ನಾನು ಈ ಹಳ್ಳವನ್ನೇ ತೋರಿಸುತ್ತೇನೆ. ತೊಳೆಯುವುದು ಸುಮ್ನೆ ಚೆಂದಕ್ಕಲ್ಲ, ಅಡಿಯಲ್ಲಿ ಲೋಹ ಇದೆಯೋ ಇಲ್ಲವೋ ನೋಡುವುದಕ್ಕೆ. ಎರಡು ವರ್ಷ ಮೊದಲೇ ಪೂರ್ತಿ ತೊಳೆದಿದ್ದರೆ ಆ ಲೋಹವನ್ನು ಆಗಲೇ ನೋಡಬಹುದಿತ್ತು.

ಮಿಷಿಗನ್ನಿನಲ್ಲಿ ಅರ್ಧಕ್ಕೇ ಕೈಬಿಟ್ಟ ಇನ್ನೊಂದು ಸ್ಥಾವರದಿಂದ ಬಳಸದ ಮುಚ್ಚಳ ತಂದು ಕೂರಿಸಿದರು. 2004ರ ಮಾರ್ಚ್‌ನಲ್ಲಿ ಸ್ಥಾವರ ಮತ್ತೆ ಶುರುವಾಯಿತು. 2010ರ ತಪಾಸಣೆಯಲ್ಲಿ ಆ ಮುಚ್ಚಳದ ಕೊಳವೆಗಳಲ್ಲೂ ಬಿರುಕು ಸಿಕ್ಕಿತು. ಈ ಸಲ ಮಾತ್ರ ಉಕ್ಕಿನಲ್ಲಿ ಹಳ್ಳ ಬೀಳುವ ಮೊದಲೇ ನೋಡಿದ್ದರು.