ಕಣ್ಣು ಎಲ್ಲಿದೆ?

ಕೇಳುಗರಿಗೆ ನಮಸ್ಕಾರ.

ಅಡುಗೆಮನೆಯಲ್ಲಿ ರೇಡಿಯೋ ಕೇಳುತ್ತಿರುವವರು ಒಂದು ನಿಮಿಷ ಸೌಟು ಕೆಳಗಿಡಿ. ಹೆಬ್ಬೆರಳನ್ನು ಗದ್ದದ ತುದಿಗೆ ಇಡಿ. ತೋರುಬೆರಳನ್ನು ಕಣ್ಣಿನ ಮೂಲೆಗೆ ಚಾಚಿ. ಆ ಅಳತೆ ಹಾಗೇ ಇರಲಿ. ಈಗ ಕೈಯನ್ನು ಮೇಲೆ ಒಯ್ದು, ಕಣ್ಣಿನಿಂದ ನೆತ್ತಿಗೆ ಹಿಡಿದು ನೋಡಿ. ಹೆಚ್ಚುಕಡಿಮೆ ಅಷ್ಟೇ ಬಂತು, ಅಲ್ವಾ? ಕಣ್ಣು ತಲೆಯ ನಡುಮಧ್ಯದಲ್ಲಿದೆ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಉಳಿದದ್ದೆಲ್ಲ ಒಗ್ಗರಣೆ.

ಚಿತ್ರಸಂತೆಯಲ್ಲಿ ಜನರ ಮುಖ ಬರೆಯುವ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಸಂತೆ. ಚಿತ್ರಕಲಾ ಪರಿಷತ್ತಿನವರು 2003ರಲ್ಲಿ ಶುರು ಮಾಡಿದ್ದು. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಇರುತ್ತದೆ. ಅವತ್ತು ಆ ರಸ್ತೆಗೆ ಗಾಡಿ ಬಿಡುವುದಿಲ್ಲ. ಎರಡೂ ಬದಿಗೆ ಕ್ಯಾನ್ವಾಸುಗಳ ಸಾಲು. ಅವುಗಳ ನಡುವೆ ಮರದ ನೆರಳಲ್ಲಿ, ಎರಡು ಸ್ಟೂಲು ಹಾಕಿಕೊಂಡು ನಾವು ಕೂತಿರುತ್ತೇವೆ. ಒಂದು ಸ್ಟೂಲು ನಮಗೆ, ಇನ್ನೊಂದು ನಿಮಗೆ. ಹತ್ತು ಹದಿನೈದು ನಿಮಿಷ ಕೂತರೆ ನಿಮ್ಮ ಮುಖ ನಿಮ್ಮ ಕೈಗೆ.

ಇಲ್ಲಿ ಒಂದು ತಮಾಷೆ ಇದೆ. ಕೂತವರಿಗೆ ಚಿತ್ರ ಕಾಣುವುದಿಲ್ಲ. ಕಾಣುವುದು ನನ್ನ ಬೆನ್ನ ಹಿಂದೆ ನಿಂತ ಗುಂಪಿಗೆ. ಹಾಗಾಗಿ ಕೂತವರು ಗುಂಪಿನ ಮುಖ ನೋಡುತ್ತಾ ತಮ್ಮ ಚಿತ್ರ ಹೇಗೆ ಬರುತ್ತಿದೆ ಎಂದು ಊಹಿಸುತ್ತಿರುತ್ತಾರೆ. ಹಿಂದೆ ಯಾರೋ ನಕ್ಕರೆ ಮುಗೀತು. ಇವರ ಮುಖ ಸಪ್ಪಗಾಗುತ್ತದೆ, ನಾನು ಬರೆದ ತುಟಿ ಸುಳ್ಳಾಗುತ್ತದೆ.

ಒಂದು ವರ್ಷ ಒಬ್ಬ ಅಜ್ಜಿ ಬಂದು ಕೂತರು. ಹೂ ಮಾರುವವರು. ಮೊಮ್ಮಗ ಕರೆದುಕೊಂಡು ಬಂದಿದ್ದ. ಕೂರುವ ಮೊದಲೇ ಕೇಳಿದರು, "ಎಷ್ಟಪ್ಪಾ?" ಹೇಳಿದೆ. "ಅಷ್ಟು ದುಡ್ಡಿಗೆ ನಾನು ಎಷ್ಟು ಮೊಳ ಕಟ್ಟಬೇಕು ಗೊತ್ತಾ?" ಎಂದರು. ಆದರೂ ಕೂತರು. ಸೆರಗು ಸರಿ ಮಾಡಿಕೊಂಡು, ಪಾಸ್‌ಪೋರ್ಟ್ ಫೋಟೋಕ್ಕೆ ಕೂತ ಹಾಗೆ ಬಿಗಿಯಾಗಿಬಿಟ್ಟರು. ಎಲ್ಲರೂ ಮೊದಲು ಹಾಗೇ. ಮಾತಿಗೆ ಎಳೆಯಬೇಕು. ನಾನು ಮಲ್ಲಿಗೆ ರೇಟು ಕೇಳಿದೆ. ಧನುರ್ಮಾಸದಲ್ಲಿ ಮಲ್ಲಿಗೆ ಎಲ್ಲಿ ಸಿಗುತ್ತದೆ, ಚಳಿಗೆ ಮೊಗ್ಗೇ ಬರಲ್ಲ, ಬಂದರೂ ಕೈ ಸುಡುವ ರೇಟು, ಅಂತ ಶುರು ಮಾಡಿದರು ನೋಡಿ! ಹುಬ್ಬು ಎದ್ದಿತು, ಕೆನ್ನೆ ಸಡಿಲವಾಯಿತು. ನನಗೆ ಬೇಕಿದ್ದದ್ದು ಆ ಮುಖ.

ತಲೆಯ ಆಕಾರ ಹಾಕಿದೆ. ನಡುವೆ ಒಂದು ತೆಳುಗೆರೆ ಎಳೆದೆ. ಅದರ ಮೇಲೆ ಕಣ್ಣು ಇಟ್ಟೆ. ಹಿಂದೆ ಗುಸುಗುಸು ಶುರುವಾಯಿತು. ಕಾಲೇಜು ಹುಡುಗನೊಬ್ಬ ಜೋರಾಗಿಯೇ ಹೇಳಿದ, "ಸಾರ್, ಕಣ್ಣು ತುಂಬಾ ಕೆಳಗೆ ಬಂತು." ಪಕ್ಕದವರು ಹೌದು ಹೌದು ಎಂದರು. ಮೊಮ್ಮಗ ಬಂದು ನೋಡಿ ಅವನೂ ಅವರ ಕಡೆಗೇ ಸೇರಿಕೊಂಡ. ಸಂತೆಯಲ್ಲಿ ಪೆನ್ಸಿಲ್ ಹಿಡಿದವನು ಒಬ್ಬ, ಮೇಷ್ಟ್ರುಗಳು ಹತ್ತು ಜನ. ನನಗೆ ಸ್ವಲ್ಪ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ.

ಅಜ್ಜಿ ಕೇಳಿದರು, "ಏನಂತೆ?" "ನಿಮ್ಮ ಕಣ್ಣು ಕೆಳಗಿಟ್ಟಿದ್ದೀನಂತೆ" ಎಂದೆ. ಅವರು ಒಂದು ಮಾತೂ ಆಡಲಿಲ್ಲ. ಬೆರಳು ಅಗಲಿಸಿ ಗದ್ದದಿಂದ ಕಣ್ಣಿಗೆ ಹಿಡಿದರು. ಕಣ್ಣಿನಿಂದ ನೆತ್ತಿಗೆ ಹಿಡಿದರು. ನಿಮಗೆ ಈಗ ಮಾಡಿಸಿದೆನಲ್ಲ, ಅದೇ. ನಾನು ಕಲಿತದ್ದೇ ಅವರಿಂದ. ಅಲ್ಲಿಯವರೆಗೆ ಚಾಚಿದ ಕೈಯಲ್ಲಿ ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆಯುತ್ತಿದ್ದೆ. ಅಜ್ಜಿ ಹುಡುಗನಿಗೆ ಹೇಳಿದರು, "ನಲವತ್ತು ವರ್ಷ ಮೊಳ ಹಾಕಿದ ಕೈ ಕಣೋ ಇದು. ಸರಿಯಾಗೇ ಇದೆ, ಬರೀಲಿ ಬಿಡು."

ಕೊನೆಗೆ ಹಾಳೆ ತಿರುಗಿಸಿ ತೋರಿಸಿದೆ. ತುಂಬಾ ಹೊತ್ತು ನೋಡಿದರು. "ಎಲ್ಲಾ ಸರಿ. ನನ್ನ ತಲೆಯಲ್ಲಿರೋ ಹೂ ಎಲ್ಲಿ?" ಎದುರಿನಿಂದ ತುರುಬು ಕಾಣಲ್ಲ ಅಜ್ಜಿ, ಎಂದೆ. "ಹಂಗಾದ್ರೆ ಈ ಕಡೆ ತಿರುಗ್ತೀನಿ" ಎಂದು ತಿರುಗಿಯೇ ಬಿಟ್ಟರು! ಇನ್ನೊಂದು ಹಾಳೆ ತೆಗೆದೆ. ಅದಕ್ಕೆ ದುಡ್ಡು ಕೇಳುವ ಧೈರ್ಯ ಬರಲಿಲ್ಲ.

ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷ ಉಳಿದಿದೆಯಂತೆ. ಸರಿ, ಬೇಗ ಹೇಳುತ್ತೇನೆ.

ಆ ಹುಡುಗನಿಗೆ ಯಾಕೆ ಹಾಗೆ ಕಂಡಿತು? ನಾವು ಮುಖದಲ್ಲಿ ನೋಡುವುದು ಕಣ್ಣು, ಮೂಗು, ಬಾಯಿ. ಹಣೆಯನ್ನು ಯಾರೂ ನೋಡುವುದಿಲ್ಲ. ನೋಡದೇ ಇರುವುದನ್ನು ಮನಸ್ಸು ಚಿಕ್ಕದು ಮಾಡಿಬಿಡುತ್ತದೆ. ಮಕ್ಕಳು ಬರೆದ ಚಿತ್ರ ತೆಗೆದು ನೋಡಿ, ಕಣ್ಣು ನೆತ್ತಿಗೆ ಅಂಟಿಕೊಂಡಿರುತ್ತದೆ. ದೊಡ್ಡವರು ಬರೆದರೂ ಅಷ್ಟೇ. ತಲೆಯ ನಡುವೆ ಅಡ್ಡಗೆರೆ ಎಳೆಯಿರಿ. ಅದರ ಮೇಲೆ ಕಣ್ಣು ಇಡಿ. ಅರ್ಧ ಹೋಲಿಕೆ ಅಲ್ಲೇ ಬಂತು.

ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗ ಬಿಡಿ. ಕಿವಿ ಹುಬ್ಬಿನಿಂದ ಮೂಗಿನ ತುದಿಯವರೆಗೆ. ಪೆನ್ಸಿಲ್ 2ಬಿ ಒಂದು, ಅದಕ್ಕಿಂತ ಮೆತ್ತಗೆ, ಕಪ್ಪಗೆ ಬರೆಯುವ 6ಬಿ ಒಂದು ಸಾಕು. ಡಜನ್ನಿನ ಡಬ್ಬಿ ಕೊಳ್ಳಬೇಡಿ. ಹಲ್ಲನ್ನು ಒಂದೊಂದಾಗಿ ಬರೆಯಬೇಡಿ, ಜೋಳದ ತೆನೆ ಆಗುತ್ತದೆ.

ಬರೆಸಿಕೊಳ್ಳುವವರಿಗೆ: ಹಲ್ಲು ಬಿಟ್ಟು ಕೂರಬೇಡಿ, ಆ ನಗು ಹತ್ತು ನಿಮಿಷ ಹಾಗೇ ಉಳಿಯುವುದಿಲ್ಲ. ಕೂತು ಫೋನ್ ನೋಡಬೇಡಿ, ನನಗೆ ನಿಮ್ಮ ರೆಪ್ಪೆ ಮಾತ್ರ ಸಿಗುತ್ತದೆ. ಚಿಕ್ಕ ಮಕ್ಕಳನ್ನು ಹೊಟ್ಟೆ ತುಂಬಿಸಿ ಕರೆತನ್ನಿ. ಇದ್ದಿಲಿನಲ್ಲಿ ಬರೆದ ಚಿತ್ರ ಮುಟ್ಟಿದರೆ ಕದಡುತ್ತದೆ. ಮೇಲೆ ಬಟರ್ ಪೇಪರ್ ಇಟ್ಟು ಸುತ್ತಿಕೊಂಡು ಹೋಗಿ. ಬಸ್ಸಿನಲ್ಲಿ ಬಿಚ್ಚಿ ಎಲ್ಲರಿಗೂ ತೋರಿಸಬೇಡಿ. ತೋರಿಸುತ್ತೀರಿ, ಗೊತ್ತು.

ಮತ್ತೆ ನನ್ನ ಹಿಂದೆ ನಿಲ್ಲುವವರು, ದಯವಿಟ್ಟು, ಕಣ್ಣು ಕೆಳಗಾಯಿತು ಎಂದು ಹೇಳುವ ಮೊದಲು ನಿಮ್ಮ ಮುಖ ಅಳೆದುಕೊಳ್ಳಿ. ನಮಸ್ಕಾರ.