ರಾಯಭಾರ ಮುಗಿಸಿ ಬಂದ ಡೀಕನ್

ಕೇಳುಗರಿಗೆ ನಮಸ್ಕಾರ.

ಕ್ರೈಸ್ತ ಸಭೆಯಲ್ಲಿ ಡೀಕನ್ ಎಂಬ ಪದವಿಯೊಂದಿದೆ. ಕನ್ನಡ ಬೈಬಲಿನಲ್ಲಿ ಅದಕ್ಕೆ ಸಭಾಸೇವಕ ಎಂಬ ಹೆಸರು. ಮೂಲದ ಗ್ರೀಕ್ ಪದಕ್ಕೆ ಪಂಕ್ತಿಯಲ್ಲಿ ಬಡಿಸುವವನು ಎಂಬ ಅರ್ಥವೂ ಉಂಟು. ಜೆರುಸಲೇಮಿನ ಕೆಲವು ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲವೆಂಬ ದೂರು ಬಂದಾಗ ಆ ಕೆಲಸಕ್ಕೆ ಏಳು ಮಂದಿಯನ್ನು ಆರಿಸಿದ ಸಂಗತಿ ‘ಅಪೊಸ್ತಲರ ಕೃತ್ಯಗಳು’ ಭಾಗದಲ್ಲಿ ಬರುತ್ತದೆ. ರೋಮಿನ ಸಭೆಯೂ ಆ ಏಳರ ಲೆಕ್ಕವನ್ನೇ ಹಿಡಿದು, ನಗರವನ್ನು ಏಳು ವಿಭಾಗಗಳಾಗಿ ಮಾಡಿಕೊಂಡು ಏಳು ಡೀಕನರನ್ನು ಇಟ್ಟುಕೊಂಡಿತ್ತು. 6ನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಪದವಿಯಲ್ಲಿದ್ದವರು ಗ್ರೆಗರಿ.

ಗ್ರೆಗರಿ ಸಿರಿವಂತ ಮನೆತನದವರು. ರೋಮಿನ ನಗರಾಧಿಕಾರಿಯಾಗಿದ್ದವರು ಆ ಅಧಿಕಾರವನ್ನು ಬಿಟ್ಟು, ಸೀಲಿಯನ್ ಗುಡ್ಡದ ಮೇಲಿದ್ದ ಸ್ವಂತ ಮನೆಯನ್ನೇ ಮಠವನ್ನಾಗಿ ಮಾಡಿ ಸನ್ಯಾಸಿಯಾದರು. ಆ ನೆಮ್ಮದಿ ಬಹಳ ಕಾಲ ಉಳಿಯಲಿಲ್ಲ. 579ರ ಸುಮಾರಿಗೆ ಪೋಪ್ ಎರಡನೆಯ ಪೆಲಾಜಿಯಸ್, ಗ್ರೆಗರಿಯವರನ್ನು ಡೀಕನ್ ಆಗಿ, ಪೂರ್ವ ರೋಮನ್ ಚಕ್ರವರ್ತಿಯ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲಿನ ಅರಮನೆಗೆ ತಮ್ಮ ರಾಯಭಾರಿಯಾಗಿ ಕಳುಹಿಸಿದರು. ಉತ್ತರದಿಂದ ದಂಡೆತ್ತಿ ಬಂದ ಲೊಂಬಾರ್ಡರೆಂಬ ಜರ್ಮನಿಕ್ ಜನ ಇಟಲಿಯನ್ನು ತುಳಿಯುತ್ತಿದ್ದ ಕಾಲವದು. ಚಕ್ರವರ್ತಿಯಿಂದ ಸೈನ್ಯ ಪಡೆದು ಬರುವುದೇ ರಾಯಭಾರದ ಮುಖ್ಯ ಉದ್ದೇಶ. ರೋಮಿಗೆ ಕಾವಲೇ ಇಲ್ಲ, ಒಬ್ಬ ಸೇನಾಪತಿಯನ್ನಾದರೂ ಬೇಡಿ ಪಡೆಯಿರಿ ಎಂದು 584ರಲ್ಲಿ ಪೋಪ್ ಮತ್ತೆ ಪತ್ರ ಬರೆದರು. ಪರ್ಷಿಯದ ಯುದ್ಧದಲ್ಲಿ ಮುಳುಗಿದ್ದ ಚಕ್ರವರ್ತಿಯಿಂದ ಹೇಳಿಕೊಳ್ಳುವಂಥ ನೆರವು ದೊರೆಯಲಿಲ್ಲ. ತಮಗೆ ಗ್ರೀಕ್ ಬಾರದೆಂದು ಗ್ರೆಗರಿ ಬರೆದುಕೊಂಡಿದ್ದಾರೆ. ಗ್ರೀಕ್ ರಾಜಧಾನಿಯಲ್ಲಿ ಆರೇಳು ವರ್ಷ ಕಳೆದವರ ಈ ಮಾತನ್ನು ಪೂರ್ತಿ ನಂಬುವುದು ನನಗಂತೂ ಕಷ್ಟ.

586ರ ಸುಮಾರಿಗೆ ಅವರು ಹೆಚ್ಚುಕಡಿಮೆ ಬರಿಗೈಯಲ್ಲಿ ಹಿಂದಿರುಗಿದರು. ಹೊರಗಿನಿಂದ ಯಾರೂ ಬರುವುದಿಲ್ಲ, ಊರನ್ನು ಊರೇ ನೋಡಿಕೊಳ್ಳಬೇಕು ಎಂಬುದನ್ನು ಅವರಿಗೆ ಮನವರಿಕೆ ಮಾಡಿಕೊಟ್ಟದ್ದು ಆ ಸೋತ ರಾಯಭಾರವೇ ಇರಬೇಕೆಂದು ನನಗೆ ತೋರುತ್ತದೆ.

589ರಲ್ಲಿ ಟೈಬರ್ ನದಿ ಉಕ್ಕಿ ಸಭೆಯ ಕಣಜಗಳು ಕುಸಿದು, ಸಾವಿರಾರು ಅಳತೆ ಗೋಧಿ ನೀರುಪಾಲಾಯಿತು. ಬೆನ್ನಿಗೇ ಗಡ್ಡೆಯ ಪ್ಲೇಗು ಬಂದು, 590ರ ಆರಂಭದಲ್ಲಿ ಪೋಪ್ ಪೆಲಾಜಿಯಸ್ ಅವರೇ ಅದಕ್ಕೆ ಬಲಿಯಾದರು. ಜನ ಮುಂದಿನ ಪೋಪ್ ಆಗಿ ಗ್ರೆಗರಿಯವರನ್ನು ಆರಿಸಿದರೂ ಅಭಿಷೇಕವಾಗಿರಲಿಲ್ಲ. ಅವರಿನ್ನೂ ಡೀಕನ್ ಆಗಿಯೇ ಇದ್ದರು. ಆ ಸ್ಥಿತಿಯಲ್ಲಿಯೇ ಅವರು ನಗರದ ಜನರನ್ನೆಲ್ಲ ಏಳು ಗುಂಪು ಮಾಡಿ, ಏಳು ದೇವಾಲಯಗಳಿಂದ ಪ್ರಾರ್ಥನೆಯ ಮೆರವಣಿಗೆ ಹೊರಟು ಸಂತ ಮರಿಯಮ್ಮನವರ ದೇವಾಲಯದಲ್ಲಿ ಕೂಡುವಂತೆ ಏರ್ಪಾಡು ಮಾಡಿದರು. ಪಾದ್ರಿಗಳಿಗೆ, ಸನ್ಯಾಸಿಗಳಿಗೆ, ಸನ್ಯಾಸಿನಿಯರಿಗೆ, ಗಂಡಸರಿಗೆ, ಮದುವೆಯಾದ ಹೆಂಗಸರಿಗೆ ಒಂದೊಂದು ಗುಂಪು ಇದ್ದಂತೆ ವಿಧವೆಯರಿಗೂ ಮಕ್ಕಳಿಗೂ ತಮ್ಮದೇ ಗುಂಪಿತ್ತು. ಆಗ ರೋಮಿನಲ್ಲಿದ್ದ, ಇಂದಿನ ಫ್ರಾನ್ಸಿನ ತೂರ್ ಪಟ್ಟಣದ ಇನ್ನೊಬ್ಬ ಡೀಕನ್ ಕಣ್ಣಾರೆ ಕಂಡು ತಮ್ಮ ಬಿಷಪರಿಗೆ ತಿಳಿಸಿದಂತೆ, ಒಂದು ಗಂಟೆಯೊಳಗೆ 80 ಮಂದಿ ಪ್ರಾರ್ಥಿಸುತ್ತಲೇ ಬಿದ್ದು ಸತ್ತರು. ಸಾಂಕ್ರಾಮಿಕದ ನಡುವೆ ಜನರನ್ನು ಗುಂಪುಗೂಡಿಸಬಾರದೆಂಬುದು ಇಂದು ನಮಗೆ ಗೊತ್ತು. ಆದರೂ ನಗರದ ಯಾರೊಬ್ಬರನ್ನೂ ಲೆಕ್ಕದಿಂದ ಹೊರಗಿಡದ ಆ ಏರ್ಪಾಡಿನಲ್ಲಿ, ವಿಭಾಗಗಳ ಹಸಿವನ್ನು ಎಣಿಸಿ ಬಲ್ಲ ಡೀಕನ್ನರ ಅಭ್ಯಾಸ ಕಾಣುತ್ತದೆ.

590ರ ಸೆಪ್ಟೆಂಬರ್ 3ರಂದು ಅವರು ಪೋಪ್ ಆದರು. ಆದರೂ ಬಡಿಸುವವನ ಕೆಲಸ ಕೈಬಿಡಲಿಲ್ಲ. ರೋಮಿನ ಬಡವರಿಗೆ ಹಂಚುವ ಗೋಧಿ ಸಿಸಿಲಿಯಲ್ಲಿದ್ದ ಸಭೆಯ ಜಮೀನುಗಳಿಂದ ಬರಬೇಕಿತ್ತು. ಅಲ್ಲಿನ ಉಸ್ತುವಾರಿ ನೋಡುತ್ತಿದ್ದ ಪೀಟರ್ ಎಂಬ ಸಬ್‌ಡೀಕನ್ನರಿಗೆ, ಅಂದರೆ ಡೀಕನ್ನರ ಕೆಳಗಿನ ಪದವಿಯವರಿಗೆ, ಅವರು ಬರೆದ ಪತ್ರಗಳು ಉಳಿದಿವೆ. ನೀನು ಕಳಿಸಿದ ಒಂದು ಕುದುರೆ ಬಡಕಲೆಂಬ ಕಾರಣಕ್ಕೆ ಏರಲಾರೆ, ಐದು ಒಳ್ಳೆಯ ಕತ್ತೆಗಳನ್ನು ಕತ್ತೆಗಳೆಂಬ ಕಾರಣಕ್ಕೆ ಏರಲಾರೆ ಎಂದು ಒಂದರಲ್ಲಿ ಛೇಡಿಸುತ್ತಾರೆ. 591ರ ಪತ್ರದಲ್ಲಿ ಮಾತ್ರ ತಮಾಷೆಯಿಲ್ಲ. ದೊಡ್ಡ ಕೊಳಗದಲ್ಲಿ ಅಳೆದು ಒಕ್ಕಲುಗಳಿಗೆ ಮೋಸ ಮಾಡುವುದು ನಿಲ್ಲಬೇಕು, ಕೊಳಗವೊಂದಕ್ಕೆ 18 ಸೆಕ್ಸ್ಟೇರಿಯಸ್‌ಗಿಂತ (ಇದು ರೋಮನರ ಒಂದು ಸಣ್ಣ ಅಳತೆ) ಹೆಚ್ಚು ಧಾನ್ಯ ತೆಗೆದುಕೊಳ್ಳಕೂಡದು ಎಂದು ಕಟ್ಟಪ್ಪಣೆ ಮಾಡಿ, ಒಕ್ಕಲುಗಳಿಗೆಂದು ತಾವು ಬರೆದ ಪತ್ರವನ್ನು ಎಲ್ಲ ಜಮೀನುಗಳಲ್ಲಿಯೂ ಗಟ್ಟಿಯಾಗಿ ಓದಿಸಿ, ಅದರ ಪ್ರತಿಗಳನ್ನು ಅವರ ಕೈಗೇ ಕೊಡುವಂತೆ ಸೂಚಿಸುತ್ತಾರೆ.